ಹೆಲ್ಮೆಟ್ ಬದಲು ಕ್ಯಾರಿಯರ್

ಸೈಕಲ್ ಅಂಗಡಿಗೆ ಹೋದಾಗ ಇಷ್ಟವಾದ ಸೈಕಲ್ಲಿನ ಮುಂದೆ ಮೊದಲು ನಿಲ್ಲಬಾರದು. ಬೇಡವಾದ ಒಂದರ ಮುಂದೆ ನಿಂತು, ಬೆಲ್ ಹೊಡೆದು, ಪೆಡಲ್ ತಿರುಗಿಸಿ, ಎರಡು ಕೊರತೆ ಎತ್ತಿ ಆಡಬೇಕು. ಆಮೇಲೆ ಹೊರಡುವವರ ಹಾಗೆ ಬಾಗಿಲಿನ ಕಡೆ ತಿರುಗಿ, ಬೇಕಾದ್ದರ ಕಡೆ ಸುಮ್ಮನೆ ಕೈ ತೋರಿಸಿ ಬೆಲೆ ಕೇಳಬೇಕು. ಇದನ್ನೆಲ್ಲ ನನಗೆ ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಯಜಮಾನರು ಸ್ಟೋರ್ ಕೀಪರ್ ಆಗಿದ್ದ ಕಾರ್ಖಾನೆ ಬಾಗಿಲು ಹಾಕಿತು. ಇಟ್ಟಮಡುವಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ ಮಾಡಿ ಮಾರಲು ಶುರುಮಾಡಿದೆ. ಮೆಣಸಿನಕಾಯಿ ಮಂಡಿಯಲ್ಲಿ ಗಂಟೆಗಟ್ಟಲೆ ನಿಂತು ಕಲಿತ ವಿದ್ಯೆ ಇದು. ಇದರಿಂದ ನಮಗೆ ಒಳ್ಳೆಯದೇ ಆಗಿದೆ. ಒಂದು ಸಲ ಮಾತ್ರ ಆಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ವ್ಯಾಪಾರದಲ್ಲಿ ಬಾಯಿ ನನ್ನದು, ಮೂಗು ಅವರದು. ಮಂಡಿಯಲ್ಲಿ ನಾನು ಮಾತಿಗೆ ನಿಂತರೆ ಅವರು ಮೂಟೆಯೊಳಗೆ ಕೈ ಹಾಕಿ ಒಂದು ಬ್ಯಾಡಗಿ ಮೆಣಸಿನಕಾಯಿ ಮುರಿದು ಮೂಸುತ್ತಿದ್ದರು. ಹಳೆಯ ಸರಕು ಬೆರೆಸಿದ್ದರೆ ನನ್ನ ಕಡೆ ನೋಡಿ ತಲೆಯನ್ನು ಒಂದಿಷ್ಟೇ ಅಲ್ಲಾಡಿಸುತ್ತಿದ್ದರು. ಮನೆಯಲ್ಲಿ ಬಾಣಲೆಯ ಮುಂದೆ ನಾನು ನಿಂತಿದ್ದರೂ ಹದ ಹೇಳುತ್ತಿದ್ದವರು ಹೊರಗಿನ ಕೋಣೆಯಲ್ಲಿ ಕೂತು ಪೊಟ್ಟಣಕ್ಕೆ ಚೀಟಿ ಅಂಟಿಸುತ್ತಿದ್ದ ಅವರೇ. "ಸಾಕು, ಇಳಿಸು" ಎಂದು ಅಲ್ಲಿಂದ ಕೂಗಿದರೆ ಇಳಿಸಬೇಕು. ಧನಿಯಕ್ಕಾದರೂ ಸ್ವಲ್ಪ ಪುರುಸೊತ್ತು ಇರುತ್ತದೆ. ಮೆಂತ್ಯ ಕೆಂಪಾಗಿ ಕಹಿಯಾಗಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಅವರ ಮೂಗು ಆ ಗಳಿಗೆಯನ್ನು ಒಂದು ದಿನವೂ ತಪ್ಪಿಸಿರಲಿಲ್ಲ. ಯಡಿಯೂರು, ಜಯನಗರ, ಬನಶಂಕರಿ ಕಡೆಯ ಮನೆಗಳವರು ಪುಡಿ ಚೆನ್ನಾಗಿದೆ ಎಂದು ನನ್ನನ್ನು ಹೊಗಳುತ್ತಿದ್ದರು. ನಾನು ಹೊಗಳಿಸಿಕೊಳ್ಳುತ್ತಿದ್ದೆ.

ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದವರೂ ಅವರೇ, ಸೈಕಲ್ಲಿನಲ್ಲಿ. ಕಾರ್ಖಾನೆಯ ಕಾಲದ ಆ ಸೈಕಲ್ಲಿನ ಫ್ರೇಮಿಗೆ ಎರಡು ಸಲ ವೆಲ್ಡಿಂಗ್ ಮಾಡಿಸಿ, ಮೂರನೆಯ ಸಲ ವೆಲ್ಡಿಂಗ್‌ನವರೇ ಕೈ ಮುಗಿದ ಮೇಲೆ ಹೊಸದು ಕೊಳ್ಳುವುದೆಂದಾಯಿತು. ಆ ಹೊತ್ತಿಗೆ ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ಸ್ಕೂಟರಿನವರು ಹೆಲ್ಮೆಟ್ ಹಾಕಬೇಕೋ ಬೇಡವೋ ಎಂದು ಊರೆಲ್ಲ ಜಗಳವಾಡುತ್ತಿತ್ತು. ಸೈಕಲ್ಲಿನವರ ವಿಷಯ ಯಾರ ಬಾಯಲ್ಲೂ ಇರಲಿಲ್ಲ.

ಜಯನಗರದ ಒಂದು ಅಂಗಡಿಗೆ ಹೋದೆವು. ಅಂಗಡಿಗೆ ಹೋಗುವಾಗಲೆಲ್ಲ ಅವರಿಗೆ ನಾನು ಒಂದು ಮಾತು ಹೇಳಿಯೇ ಕರೆದುಕೊಂಡು ಹೋಗುತ್ತಿದ್ದೆ. "ಒಳಗಡೆ ನೀವು ಆಸೆ ತೋರಿಸ್ಬೇಡಿ. ನಮ್ಮೋರೇ ಆಸೆ ತೋರಿಸಿದ್ರೆ ಮುಗೀತು, ಅವನು ಇಳಿಯಲ್ಲ." ಅವರು ಆ ಮಾತನ್ನು ಚಾಚೂ ತಪ್ಪದೆ ನಡೆಸುತ್ತಿದ್ದರು. ಅಂಗಡಿಯೊಳಗೆ ಕಾಲಿಟ್ಟರೆ ಮುಖ ಕಲ್ಲು.

ಅರ್ಧ ಗಂಟೆ ಎಳೆದಾಡಿದ ಮೇಲೆ ಅಂಗಡಿಯವರು ಕೈಚೆಲ್ಲಿದರು.

"ಮೇಡಂ, ಇದಕ್ಕಿಂತ ಕೆಳಗೆ ನನ್ನಿಂದಾಗಲ್ಲ. ಒಂದು ಕೆಲ್ಸ ಮಾಡ್ತೀನಿ, ಈ ಹೆಲ್ಮೆಟ್ ಫ್ರೀ ಕೊಡ್ತೀನಿ. ಸೈಕಲ್‌ಗೇ ಅಂತ ಮಾಡಿರೋದು. ನೋಡಿ, ಎಷ್ಟು ಹಗುರ."

ನೀಲಿ ಬಣ್ಣದ್ದು, ಮೇಲೆಲ್ಲ ಉದ್ದುದ್ದ ತೂತು. ಯಜಮಾನರು ಅದನ್ನು ತೆಗೆದುಕೊಂಡು ತಲೆಗಿಟ್ಟರು. ಗದ್ದದ ಕೆಳಗಿನ ಪಟ್ಟಿಯನ್ನು ತಾವೇ ಬಿಗಿದುಕೊಂಡರು. ಗೋಡೆಯಲ್ಲಿ ಮಾರಾಟಕ್ಕೆ ನೇತುಹಾಕಿದ್ದ ಪುಟ್ಟ ಸೈಕಲ್ ಕನ್ನಡಿಯೊಂದಕ್ಕೆ ಬಗ್ಗಿ ಮುಖ ನೋಡಿಕೊಂಡರು.

"ಹೆಂಗಿದೆ?" ಎಂದರು ನನಗೆ.

"ಈರುಳ್ಳಿ ಬುಟ್ಟಿ ಕವುಚ್ಕೊಂಡಂಗಿದೆ," ಎಂದೆ. ಅಂಗಡಿಯವರು ನಕ್ಕರು. ಯಜಮಾನರೂ ನಕ್ಕರು. ಆದರೆ ತಕ್ಷಣ ತೆಗೆಯಲಿಲ್ಲ. ಇನ್ನೊಂದು ಸಲ ಕನ್ನಡಿಗೆ ಬಗ್ಗಿದರು.

ನನ್ನ ಕಣ್ಣು ಆಗಲೇ ಮೂಲೆಯಲ್ಲಿದ್ದ ಅಗಲವಾದ ಕಬ್ಬಿಣದ ಕ್ಯಾರಿಯರಿನ ಮೇಲಿತ್ತು. "ಅಣ್ಣ, ಈ ಬುಟ್ಟಿ ನೀವೇ ಇಟ್ಕೊಳ್ಳಿ. ಇದರ ಬದಲು ಆ ದೊಡ್ಡ ಕ್ಯಾರಿಯರ್ ಹಾಕ್ಕೊಡಿ."

"ಮೇಡಂ, ಅದು ಸಾಮಾನಿಗೆ, ಇದು ತಲೆಗೆ. ಅದೂ ಇದೂ ಒಂದೇನಾ?"

"ಇವರ ತಲೆ ಇಪ್ಪತ್ತು ವರ್ಷದಿಂದ ಸೈಕಲ್ ಮೇಲೇ ಇದೆ, ಒಂದು ಗೀರೂ ಬಿದ್ದಿಲ್ಲ. ಸಾಮಾನಿಗೇ ಜಾಗ ಇಲ್ಲ ನಮ್ಗೆ."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ನಾನು ಕಣ್ಣಲ್ಲೇ ತಡೆದೆ. ಅವರು ಪಟ್ಟಿ ಬಿಚ್ಚಿ ಹೆಲ್ಮೆಟ್ಟನ್ನು ಕೌಂಟರಿನ ಮೇಲೆ ಮೆತ್ತಗೆ ಇಟ್ಟರು. ಆಸೆ ತೋರಿಸಬೇಡಿ ಎಂದು ನಾನೇ ಹೇಳಿದ್ದೆನಲ್ಲ, ತೋರಿಸಲಿಲ್ಲ. ಅಂಗಡಿಯವರು ಗೊಣಗುತ್ತಲೇ ಕ್ಯಾರಿಯರ್ ಹಾಕಿಕೊಟ್ಟರು. ತಿಂಗಳುಗಟ್ಟಲೆ ಈ ಚೌಕಾಸಿಯ ಕಥೆಯನ್ನು ಪುಡಿ ಕೊಳ್ಳಲು ಬಂದವರಿಗೆಲ್ಲ ಹೇಳಿದೆ. ಮೊದಲು ಎರಡು ಸುತ್ತು ಹೋಗಬೇಕಿದ್ದ ಸಾಮಾನು ಈಗ ಒಂದೇ ಸುತ್ತಿಗೆ ಹೋಗುತ್ತಿತ್ತು. ಸೈಕಲ್ಲಿನ ಹಿಂದೆ ಅದೆಷ್ಟು ಭಾರ ಕೂರುತ್ತಿತ್ತು ಎನ್ನುವುದನ್ನು ಮಾತ್ರ ನಾನು ಯಾವತ್ತೂ ಎತ್ತಿ ನೋಡಲಿಲ್ಲ.

ನಮ್ಮ ಗಿರಾಕಿಗಳಲ್ಲಿ ಬಾಗಲಕೋಟೆ ಕಡೆಯ ಒಬ್ಬರಿದ್ದರು. ಬಿಟಿಎಂನಲ್ಲಿ ಬಾಡಿಗೆ ಮನೆ, ಕೊರಿಯರ್ ಆಫೀಸಿನಲ್ಲಿ ಕೆಲಸ. ಭಾನುವಾರ ಬೆಳಿಗ್ಗೆ ದೂರದೂರ ಸೈಕಲ್ ಹೊಡೆಯುವುದು ಅವರಿಗೊಂದು ಹುಚ್ಚು. ಹಾಗೆ ಹೋದವರು ವಾಪಸ್ಸಾಗುವಾಗ ನಮ್ಮ ಮನೆಗೆ ಬಂದು ಶೇಂಗಾ ಚಟ್ನಿಪುಡಿ ಕೊಂಡು, ನೀರು ಕುಡಿದು ಹೋಗುತ್ತಿದ್ದರು. ಒಂದು ಭಾನುವಾರ ಬಾಗಿಲಲ್ಲಿ ನಿಂತವರ ಮೊಣಕೈಗೆ ಪಟ್ಟಿ ಸುತ್ತಿತ್ತು. ಹೆಲ್ಮೆಟ್ ಕೈಯಲ್ಲಿತ್ತು.

"ಅಕ್ಕಾರ, ಇವತ್ತ ನಿಮ್ಮ ಗಿರಾಕಿ ಒಬ್ಬಾವ ಕಮ್ಮಿ ಆಗತಿದ್ದ ನೋಡ್ರಿ. ನಾಯಿ ಅಡ್ಡ ಬಂತು. ತಲಿ ಸೀದಾ ರೋಡಿಗೆ ಬಡೀತು."

ಹೆಲ್ಮೆಟ್ಟನ್ನು ಇಸಿದುಕೊಂಡು ತಿರುಗಿಸಿ ನೋಡಿದೆ. ಒಂದು ಪಕ್ಕದಲ್ಲಿ ಅಂಚಿನಿಂದ ನೆತ್ತಿಯವರೆಗೆ ಬಿರುಕು. ಒಳಗೆ ನೋಡಿದರೆ ಟಿವಿ ಡಬ್ಬದಲ್ಲಿ ಬರುತ್ತದಲ್ಲ, ಅಂಥದೇ ಥರ್ಮೋಕೋಲು.

"ಅಯ್ಯೋ, ಚೆನ್ನಾಗಿ ಮೋಸ ಮಾಡಿದಾರೆ ನಿಮ್ಗೆ! ಒಂದು ಸಲ ಬಿದ್ದಿದ್ದಕ್ಕೇ ಒಡೆದುಹೋಗಿದೆ. ಬಿಲ್ ಇದ್ಯಾ? ನಾಳೇನೇ ತಗೊಂಡ್ಹೋಗಿ ಬೇರೆ ಕೊಡಿ ಅಂತ ಕೂತ್ಕೊಳ್ಳಿ."

ಅವರು ಗೋಡೆಗೆ ಒರಗಿ ನಕ್ಕರು. "ಅಕ್ಕಾರ, ಅದನ್ನ ಒಡಿಯಾಕಂತನ ಮಾಡ್ಯಾರ್ರಿ. ಅದು ಒಡದೈತಿ, ಅದಕ್ಕ ಇದು ಉಳದೈತಿ," ಎಂದು ತಮ್ಮ ತಲೆಗೆ ಬೆರಳಿನಿಂದ ಟಕಟಕ ಹೊಡೆದುಕೊಂಡರು. ಜೇಬಿನಿಂದ ಕೈಗವಸು ತೆಗೆದು ತೋರಿಸಿದರು. ಅಂಗೈ ಕಡೆಯ ತೊಗಲು ಕಿತ್ತುಬಂದಿತ್ತು. ಅವರ ಅಂಗೈಯಲ್ಲಿ ಮಾತ್ರ ಏನೂ ಇರಲಿಲ್ಲ. ಗವಸಿಲ್ಲದ ಮೊಣಕೈ ಪಟ್ಟಿಯ ಕೆಳಗೆ ಸಿಪ್ಪೆ ಸುಲಿದಿತ್ತಂತೆ.

"ಒಡೆಯೋ ಸಾಮಾನಿಗೆ ಯಾರಾದ್ರೂ ದುಡ್ಡು ಕೊಡ್ತಾರೇನ್ರಿ?"

"ನಾ ಕೊಡ್ತೀನ್ರಿ. ಇವತ್ತ ಹೊಸಾದು ತಗೋಬೇಕು. ಒಮ್ಮೆ ಬಡಿಸಿಕೊಂಡಿದ್ದು ಮತ್ತ ಕೆಲಸಕ್ಕ ಬರಂಗಿಲ್ಲ."

ಇದು ನನ್ನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು. ಒಂದೇ ಏಟಿಗೆ ಒಡೆಯುತ್ತದೆ, ಮತ್ತೆ ಹೊಸದು ಕೊಳ್ಳಬೇಕು; ಇದಕ್ಕಿಂತ ದೊಡ್ಡ ಮೋಸ ಇದೆಯೇ? ಅವರು ಹೋದ ಮೇಲೆ ಯಜಮಾನರಿಗೆ ಹೇಳಿದೆ. "ನೋಡಿದ್ರಾ, ಅವತ್ತು ನಾವು ಕ್ಯಾರಿಯರ್ ತಗೊಂಡಿದ್ದೇ ಒಳ್ಳೇದಾಯ್ತು. ಬರೀ ಥರ್ಮೋಕೋಲು."

"ಆದ್ರೂ ಅವರ ತಲೆಗೆ ಏನೂ ಆಗಿಲ್ಲ ನೋಡೇ," ಎಂದರು ಅವರು.

"ಅದು ಅವರ ಅದೃಷ್ಟ ರೀ."

ಅವರು ಪೊಟ್ಟಣಕ್ಕೆ ಚೀಟಿ ಅಂಟಿಸಲು ಕೂತರು. ಬಕೆಟ್ಟು, ಬಾಣಲೆ, ಸ್ಟೂಲು, ಏನು ಕೊಳ್ಳುವಾಗಲೂ ನನ್ನದು ಒಂದೇ ಪರೀಕ್ಷೆ: ಕುಟ್ಟಿದರೆ ಒಡೆಯಬಾರದು. ತಾನು ಒಡೆದು ಇನ್ನೊಂದನ್ನು ಉಳಿಸುವ ಸಾಮಾನೂ ಇರುತ್ತದೆ ಎನ್ನುವುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅವತ್ತು ಆ ಗಿರಾಕಿಯ ಜೊತೆಗೇ ಹೋಗಿ ನಮಗೂ ಒಂದು ಹೆಲ್ಮೆಟ್ ಕೊಂಡುತಂದಿದ್ದರೆ ಎಂದು ಅದೆಷ್ಟು ಸಲ ಅಂದುಕೊಂಡಿದ್ದೇನೋ.

ಎರಡು ತಿಂಗಳೂ ಕಳೆದಿರಲಿಲ್ಲ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಯಡಿಯೂರು ಕೆರೆಯ ಪಕ್ಕದ ರಸ್ತೆಯಲ್ಲಿ ಯಜಮಾನರು ಪೊಟ್ಟಣ ಹೇರಿಕೊಂಡು ಹೋಗುತ್ತಿದ್ದರಂತೆ. ನಿಂತಿದ್ದ ಕಾರಿನ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಿತು. ಅಲ್ಲಿ ಹೂ ಮಾರುತ್ತಿದ್ದಾಕೆ ಆಮೇಲೆ ನನಗೆ ಎಲ್ಲವನ್ನೂ ಹೇಳಿದಳು.

"ಜೋರಾಗೇನೂ ಬರ್ತಿರ್ಲಿಲ್ಲ ಅಕ್ಕ, ನಡ್ಕೊಂಡು ಬಂದಂಗೇ ಬರ್ತಿದ್ರು. ಡೋರ್ ತಪ್ಪಿಸೋಕೆ ಈ ಕಡೆ ತಿರುಗಿಸಿದ್ರು. ಹಿಂದ್ಗಡೆ ಲೋಡು ಎಳ್ಕೊಂಡ್ಬಿಡ್ತು. ಅಂಗಾತ ಬಿದ್ರು. ಫುಟ್‌ಪಾತ್ ಕಲ್ಲಿಗೆ ತಲೆ ಹಿಂಭಾಗ ಬಡೀತು. ಆ ಸದ್ದು ನನ್ ಕಿವೀಲೇ ಇದೆ ಅಕ್ಕ."

ಬೀಳಲು ವೇಗ ಬೇಕಿಲ್ಲ ಎನ್ನುವುದು ನನಗೆ ಅವತ್ತೇ ತಿಳಿದದ್ದು. ಕಲ್ಲಿನ ಮೇಲೆ ಬಿದ್ದರೆ ತಲೆಗೆ ಪೆಟ್ಟಾಗಲು ನಿಂತ ಎತ್ತರವೇ ಸಾಕು. ಆಸ್ಪತ್ರೆಯಲ್ಲಿ ಏಳು ಹೊಲಿಗೆ ಹಾಕಿದರು, ಸ್ಕ್ಯಾನ್ ಮಾಡಿದರು, ಒಳಗೆ ಸ್ವಲ್ಪ ಜಜ್ಜಿದೆ ಎಂದು ಮೂರು ದಿನ ಇಟ್ಟುಕೊಂಡರು. ಮಾತು ಸರಿಯಿತ್ತು, ಕೈಕಾಲು ಸರಿಯಿತ್ತು. ನನ್ನನ್ನು ನೋಡಿದೊಡನೆ ಯಜಮಾನರು ಕೇಳಿದ ಮೊದಲ ಮಾತು, "ಪೊಟ್ಟಣ ಎಲ್ಲಾ ಏನಾಯ್ತು?" ನಾನು ಅತ್ತುಕೊಂಡೇ ನಕ್ಕೆ. ಮನೆಗೆ ಕರೆತಂದು, ದೇವಸ್ಥಾನಕ್ಕೆ ಹಣ್ಣುಕಾಯಿ ಮಾಡಿಸಿಕೊಂಡು ಬಂದು, ಇನ್ನು ಏನೂ ಇಲ್ಲ ಎಂದುಕೊಂಡೆ.

ಹತ್ತು ದಿನವಾಗಿರಬೇಕು. ಕೂತು ಕೂತು ಬೇಜಾರು ಎಂದು ಅವರು ಧನಿಯ ಹುರಿಯಲು ನಿಂತರು. ನಾನು ಮಿಲ್ಲಿಗೆ ಮೆಣಸಿನಕಾಯಿ ಕೊಟ್ಟು ವಾಪಸ್ಸು ಬರುತ್ತಿದ್ದೆ. ನಮ್ಮ ಮನೆಗೆ ಇನ್ನೂ ಮೂರು ಮನೆ ಇರುವಾಗಲೇ ಸೀದ ವಾಸನೆ ಬಡಿಯಿತು. ಓಡಿಹೋದೆ. ಅಡುಗೆಮನೆಯ ತುಂಬ ತೆಳ್ಳಗೆ ಹೊಗೆ. ಅದರ ನಡುವೆ ಅವರು ಕಿಟಕಿಯ ಕಡೆ ಮುಖ ಮಾಡಿ, ಸಟ್ಟುಗ ಆಡಿಸುತ್ತ ಆರಾಮವಾಗಿ ನಿಂತಿದ್ದರು.

"ರೀ, ಸೀದುಹೋಗ್ತಿದೆ!"

"ಎಲ್ಲಿ?" ಎಂದರು.

ಬಾಣಲೆಯ ಕಡೆ ಬಗ್ಗಿ ನೋಡಿದರು. ಧನಿಯ ಕಪ್ಪಗಾಗಿತ್ತು. ಆಮೇಲೆ ನನ್ನ ಕಡೆ ನೋಡಿದರು. ಇಬ್ಬರೂ ಒಲೆ ಆರಿಸಲೇ ಇಲ್ಲ, ಸ್ವಲ್ಪ ಹೊತ್ತು.

ಡಾಕ್ಟರು ಸಮಾಧಾನವಾಗಿ ವಿವರಿಸಿದರು. ವಾಸನೆಯ ನರಗಳು ನೂಲಿನ ಎಳೆಗಿಂತ ಸಣ್ಣವಂತೆ. ಮೂಗಿನ ಮೇಲಿನ ಮೂಳೆಯ ಸಣ್ಣ ತೂತುಗಳ ಮೂಲಕ ಮಿದುಳಿಗೆ ಹೋಗುತ್ತವಂತೆ. ತಲೆ ಹಿಂದೆ ಬಡಿದಾಗ ಮಿದುಳು ಒಳಗೆ ಒಮ್ಮೆ ಜಗ್ಗಿ, ಆ ಎಳೆಗಳು ಹರಿದುಹೋಗಿರಬಹುದು. ಕೆಲವರಿಗೆ ತಿಂಗಳುಗಳ ಮೇಲೆ ಸ್ವಲ್ಪ ಸ್ವಲ್ಪ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ.

"ಹೆಲ್ಮೆಟ್ ಇರ್ಲಿಲ್ವಾ?" ಎಂದು ಕೇಳಿದರು.

"ಅದರ ಬದಲು ಕ್ಯಾರಿಯರ್ ತಗೊಂಡ್ವಿ ಸಾರ್," ಎಂದೆ. ಅವರಿಗೆ ಅರ್ಥವಾಗಲಿಲ್ಲ. ನಾನೇ ಕೇಳಿದೆ, "ಹಾಕಿದ್ರೆ ಹಿಂಗಾಗ್ತಿರ್ಲಿಲ್ವಾ ಸಾರ್?"

"ಖಂಡಿತಾ ಆಗ್ತಿರ್ಲಿಲ್ಲ ಅಂತ ನಾನು ಹೇಳೋಕಾಗಲ್ಲಮ್ಮ. ಆದ್ರೆ ಏಟಿನಲ್ಲಿ ಎಷ್ಟೋ ಪಾಲು ಅದೇ ತಗೋತಿತ್ತು. ತಲೆಗೆ ಹೋಗೋದು ಕಮ್ಮಿ ಆಗ್ತಿತ್ತು. ಈಗ ಅಷ್ಟೂ ತಲೇನೇ ತಗೊಂಡಿದೆ."

ಉಪ್ಪು, ಹುಳಿ, ಸಿಹಿ, ಖಾರ ಅವರಿಗೆ ಗೊತ್ತಾಗುತ್ತಿತ್ತು. ಉಳಿದದ್ದೆಲ್ಲ ಹೋಗಿತ್ತು. ಕಾಫಿ ಎಂದರೆ ಬಿಸಿಯಾದ ಸಿಹಿ ನೀರು. ನಾನು ಮಾಡಿದ ಹುಳಿಯನ್ನು ಎರಡು ಸಲ ಬಡಿಸಿಕೊಂಡು ಉಣ್ಣುತ್ತಿದ್ದ ಮನುಷ್ಯ ಈಗ ತಟ್ಟೆ ಖಾಲಿ ಮಾಡುವುದು ನನಗೋಸ್ಕರ ಎಂದು ನನಗೆ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ, "ನಾನು ಬೇಡ ಅಂದಿದ್ದಕ್ಕೇ ಅಲ್ವೇನ್ರೀ ಇದೆಲ್ಲ," ಎಂದುಬಿಟ್ಟೆ.

"ಬಿಡೇ. ಕಾರಿನವನು ಡೋರ್ ತೆಗ್ದಿದ್ದಕ್ಕೆ," ಎಂದರು. ಅಷ್ಟೇ. ಆ ಮಾತು ಮತ್ತೆ ಅವರು ಎತ್ತಲಿಲ್ಲ. ಬೈದಿದ್ದರೆ ನಾನು ವಾದಿಸಬಹುದಿತ್ತು. ವಾದದಲ್ಲಿ ನಾನು ಸೋಲುವವಳಲ್ಲ.

ಅವರು ಮತ್ತೆ ಸೈಕಲ್ ಹತ್ತುವ ಮೊದಲು ಅದೇ ಅಂಗಡಿಗೆ ಹೋದೆ. ಆವತ್ತೂ ಚೌಕಾಸಿ ಮಾಡಿದೆ, ಬಿಡಲಿಲ್ಲ. ಆದರೆ ಬಿಟ್ಟುಕೊಟ್ಟದ್ದು ಏನೂ ಇಲ್ಲ: ಹೆಲ್ಮೆಟ್, ಕೈಗವಸು, ಹಿಂದೆ ಮಿನುಗುವ ಕೆಂಪು ದೀಪ, ಮೂರನ್ನೂ ಸೇರಿಸಿಯೇ ಬೆಲೆ ಮುರಿದೆ. ಕ್ಯಾರಿಯರ್ ಬಿಚ್ಚಿಸಿ ಸಣ್ಣದು ಹಾಕಿಸಿದೆ. ಆಮೇಲಿನಿಂದ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬಂದವರು ಯಾರೇ ಆಗಲಿ, ಪುಡಿಯ ಜೊತೆ ನನ್ನ ಪಾಠವನ್ನೂ ಕಟ್ಟಿಸಿಕೊಂಡೇ ಹೋಗಬೇಕು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಹಣೆ ಕಾಣುವಂತೆ ಹಿಂದಕ್ಕೆ ಸರಿಸಿಕೊಂಡರೆ ಮುಂದೆ ಬಿದ್ದಾಗ ಪ್ರಯೋಜನವಿಲ್ಲ. ಗದ್ದದ ಪಟ್ಟಿಯೊಳಗೆ ಒಂದು ಬೆರಳು ಹೋಗಬೇಕು, ಮುಷ್ಟಿ ಹೋಗಬಾರದು. ತಲೆ ಕೊಡವಿ ನೋಡಿ, ಅಲುಗಿದರೆ ಸೈಜು ಸರಿಯಿಲ್ಲ. ಯಾರೋ ಹಾಕಿ ಬಿಟ್ಟದ್ದನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ, ಅದು ಎಲ್ಲಿ ಏಟು ತಿಂದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಬೀಳುವಾಗ ಎಲ್ಲರೂ ಮೊದಲು ಊರುವುದು ಅಂಗೈ, ಆದ್ದರಿಂದ ಕೈಗವಸು ಶೋಕಿಯಲ್ಲ. ಮಾಸಲು ಬಣ್ಣದ ಅಂಗಿ ಹಾಕಿಕೊಂಡು ಸಂಜೆ ಹೊರಡಬೇಡಿ. ಕೆಲವರು ಕೇಳಿಸಿಕೊಳ್ಳುತ್ತಾರೆ. ಕೆಲವರು ನಾನು ಹಿಂದೆ ನಕ್ಕ ಹಾಗೆಯೇ ನಗುತ್ತಾರೆ. ನಕ್ಕವರನ್ನು ಕೂರಿಸಿ ಎರಡನೆಯ ಸಲ ಹೇಳುತ್ತೇನೆ.

ಮನೆಯಲ್ಲಿ ಮಾತ್ರ ಬೇರೆಯೇ ಕೆಲಸ ನಡೆದಿತ್ತು. ದಿನಾ ಬೆಳಿಗ್ಗೆ ಅವರ ಕಣ್ಣು ಮುಚ್ಚಿಸಿ ಮೂಗಿನ ಹತ್ತಿರ ಒಂದೊಂದೇ ಹಿಡಿಯುತ್ತಿದ್ದೆ: ಇಂಗು, ಕಾಫಿಪುಡಿ, ನಿಂಬೆಹಣ್ಣಿನ ಸಿಪ್ಪೆ, ಲವಂಗ. ದಿನಾ "ಇಲ್ಲ" ಎನ್ನುತ್ತಿದ್ದರು. ನನ್ನ ಮುಖ ಎಷ್ಟು ಇಳಿಯುತ್ತಿತ್ತೋ, ಕಣ್ಣು ತೆರೆದಾಗ ಅವರು ಮೊದಲು ನೋಡುತ್ತಿದ್ದುದು ಅದನ್ನೇ. ಎಂಟು ತಿಂಗಳು ಹೀಗೆಯೇ ಹೋಯಿತು. ಒಂದು ಬೆಳಿಗ್ಗೆ ಸ್ವಲ್ಪ ತಡೆದು, "ಕಾಫಿ ಅಲ್ವಾ?" ಎಂದರು. ಕಾಫಿಯೇ ಆಗಿತ್ತು. ನಾನು ಡಬ್ಬ ಕೆಳಗೆ ಹಾಕಿ, ಪುಡಿಯೆಲ್ಲ ಚೆಲ್ಲಿ, ಪಕ್ಕದ ಮನೆಯವರಿಗೆ ಕೇಳುವಂತೆ ಕೂಗಿದೆ. ವಾರ ಕಳೆಯುವುದರೊಳಗೆ ಇಂಗೂ ಗೊತ್ತಾಯಿತು. ತಿಂಗಳೊಳಗೆ ಅವರೇ ಬಾಣಲೆಯ ಮುಂದೆ ನಿಂತು ಮೆಂತ್ಯ ಹುರಿಯತೊಡಗಿದರು. ಹದ ತಪ್ಪಲಿಲ್ಲ. "ಬಂತು ನೋಡು ಘಮ," ಎಂದು ಇಳಿಸುತ್ತಿದ್ದರು. ನನ್ನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಹಣ್ಣುಕಾಯಿ ಇನ್ನೊಂದು ಸಲ ಮಾಡಿಸಿದೆ.

ಕಾಫಿಯ ವಾಸನೆ ಗೊತ್ತಾಯಿತೆಂದ ದಿನದಿಂದ ನಾಲ್ಕು ತಿಂಗಳ ಮೇಲೆ ಒಂದು ಶನಿವಾರ. ಕೊಬ್ಬರಿ ಎಣ್ಣೆಯ ಹಳೆಯ ಶೀಷೆಯೊಂದು ಕಮಟುಹಿಡಿದು, ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳುವಂತಾಗಿತ್ತು. ಬಾಗಿಲಿನ ಕೀಲಿಗೆ ಬಿಡಲಾದರೂ ಆದೀತೆಂದು ಅದನ್ನು ಬಚ್ಚಲಿನ ಗೂಡಿನಲ್ಲಿ ಇಟ್ಟಿದ್ದೆ. ಹೊರಗಿನ ಕೋಣೆಗೆ ಕಾಲಿಟ್ಟರೆ ಅದೇ ವಾಸನೆ ಮುಖಕ್ಕೆ ಹೊಡೆಯಿತು. ಯಜಮಾನರು ತಲೆತುಂಬ ಎಣ್ಣೆ ತಟ್ಟಿಕೊಂಡು, ಹೊಲಿಗೆಯ ಗುರುತಿನ ಮೇಲೂ ನಯವಾಗಿ ಸವರಿಕೊಂಡು, ಕಾಲು ಚಾಚಿ ಪೇಪರ್ ಓದುತ್ತಿದ್ದರು. ಎಣ್ಣೆ ಕಿವಿಯ ಹಿಂದೆ ಇಳಿಯುತ್ತಿತ್ತು.

ನಾನು ಬಾಗಿಲಲ್ಲೇ ನಿಂತೆ. ಬಾಣಲೆಯ ಮುಂದೆ ಅವರು ಕಣ್ಣು ಕೀಲಿಸಿ ಬಣ್ಣ ನೋಡುತ್ತಿದ್ದುದು, ತುಟಿ ಅಲುಗಿಸಿ ಏನೋ ಎಣಿಸುತ್ತಿದ್ದುದು, ಬೆಳಗಿನ ಪರೀಕ್ಷೆಯಲ್ಲಿ ನಾನು ಯಾವ ಡಬ್ಬದ ಮುಚ್ಚಳ ತೆಗೆಯುತ್ತೇನೆ ಎಂದು ಸದ್ದಿಗೆ ಕಿವಿಗೊಡುತ್ತಿದ್ದುದು, ಎಲ್ಲವೂ ಆ ನಿಂತ ನಿಲುವಿನಲ್ಲೇ ನನಗೆ ಕಂಡವು. ಮಂಡಿಯಲ್ಲಿ ಎಂಥವರ ಸುಳ್ಳನ್ನೂ ಅರ್ಧದಲ್ಲೇ ಹಿಡಿಯುವವಳು ನಾನು. ಇದನ್ನು ಮಾತ್ರ ನಾಲ್ಕು ತಿಂಗಳು ಹಿಡಿದಿರಲಿಲ್ಲ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ನನ್ನ ಮುಖದಲ್ಲಿ ಏನು ಕಂಡಿತೋ ಏನೋ, ಬೆರಳನ್ನು ಮೂಗಿನ ಹತ್ತಿರ ತಂದು ಒಮ್ಮೆ ಉಸಿರೆಳೆದುಕೊಂಡರು.

"ಎಣ್ಣೆ ಹೊಸದೇನೇ? ಘಮ್ಮಂತಿದೆ," ಎಂದರು.

"ಹೂಂ ರೀ, ಹೊಸದು," ಎಂದೆ. "ನೀರು ಕಾಯ್ಸಿದೀನಿ, ಬನ್ನಿ. ನಾನೇ ಸೀಗೆಪುಡಿ ಹಾಕಿ ತಿಕ್ತೀನಿ."

ಅವರು ಪೇಪರ್ ಮಡಿಸಿಟ್ಟು ಏಳುವುದರೊಳಗೆ ಹಿತ್ತಿಲಿಗೆ ಹೋಗಿ ಶೀಷೆಯನ್ನು ಚರಂಡಿಗೆ ಬಗ್ಗಿಸಿದೆ. ಅವರ ತಲೆಯನ್ನು ಮೂರು ಸಲ ತಿಕ್ಕಿದೆ. ಹಿಂದಿನ ಆ ಗುರುತಿನ ಮೇಲೆ ಬೆರಳು ಹೋದಾಗಲೆಲ್ಲ ಮೆಲ್ಲಗೆ ತಿಕ್ಕಿದೆ. ಇಷ್ಟೇಕೆ ತಿಕ್ಕುತ್ತೀಯ ಎಂದು ಅವರು ಕೇಳಲಿಲ್ಲ.